ಚಂದ್ರಮತಿಯ ಗಡಗಡಿ

“ಒಲಿಗೆ ಹಾಕು ಅಂದ್ರ ಹಾಕಬೇಕು. ನಿನ್ನ ಕೈಲೆ ಆಗೂದಿಲ್ಲ ಅಂದ್ರ ಇಲ್ಲಿ ತಾ, ನಾನ ಹಾಕತೇನಿ.”

ಬಚ್ಚಲೊಲೆಯ ಮುಂದೆ ನಿಂತು ಚಂದ್ರಮತಿ ಕೈ ಚಾಚಿದ್ದಳು. ಒಲೆಯಲ್ಲಿ ಕಬ್ಬಿನ ಒಣಗರಿಯ ರವದಿ ಧಗಧಗ ಉರಿಯುತ್ತಿತ್ತು. ಎದುರಿಗೆ ಗೋಡೆಗೆ ಆತು ನಿಂತ ಸೊಸೆ ಸುಗಂಧಾ ಎರಡು ಹಳೆಯ ಕ್ಯಾನ್ವಾಸ್ ಬೂಟುಗಳನ್ನು ಸೆರಗಿನಲ್ಲಿ ಮುಚ್ಚಿ ಎದೆಗೆ ಅವಚಿಕೊಂಡಿದ್ದಳು. ಬೂಟುಗಳ ಹಿಮ್ಮಡಿ ಸವೆದಿತ್ತು. ಒಂದರ ಲಾಡಿ ಹರಿದುಹೋಗಿ, ಅದರ ಜಾಗದಲ್ಲಿ ಹಳೆಯ ಸೀರೆಯ ಅಂಚು ಪೋಣಿಸಿತ್ತು. ಆ ಬೂಟು ತೊಡುತ್ತಿದ್ದವನು ಉತ್ತಮ. ಚಂದ್ರಮತಿಗೆ ಒಬ್ಬನೇ ಮಗ, ಸುಗಂಧಾಳಿಗೆ ಗಂಡ. ಆ ವರ್ಷ, ಅಂದರೆ ಎಂಬತ್ತೆಂಟರ ಸಂಕ್ರಾಂತಿ ಮುಗಿದ ವಾರದಲ್ಲೇ, ಕಾಗವಾಡ ರಸ್ತೆಯಲ್ಲಿ ಮುಂಜಾನೆ ಓಡಲು ಹೋದವನು ಅಲ್ಲಿಯೇ ತೀರಿಕೊಂಡಿದ್ದ. ಈಗ ಯುಗಾದಿ ಹತ್ತಿರ ಬಂದಿತ್ತು. ಸುಗಂಧಾಳ ಅಣ್ಣ ಭೀಮಗೊಂಡ ತಂಗಿಯನ್ನು ಏಕಸಂಬಿಗೆ ಕರೆದೊಯ್ಯಲು ಬಂದು ಪಡಸಾಲೆಯಲ್ಲಿ ತಲೆತಗ್ಗಿಸಿ ಕುಳಿತಿದ್ದ. ತಾನಾಗಿ ಬಂದವನಲ್ಲ, “ನಿನ್ನ ತಂಗೀನ್ನ ಕರಕೊಂಡ ಹೋಗು” ಎಂದು ಚಂದ್ರಮತಿಯೇ ಹೇಳಿಕಳಿಸಿದ್ದಳು.

“ಅತ್ತಿ, ಇದೊಂದ ಬಿಟ್ಟಬಿಡ್ರಿ. ನಾಳೆ ನಾ ಹೋಗತೇನಿ, ನನ್ನ ಜೋಡಿ ಇವೂ ಹೋಗ್ತಾವ.”

“ಯಾಕ, ತವರಮನ್ಯಾಗ ಯಾರಿಗೆ ಹಾಕಿ ಓಡಸಬೇಕು ಅಂತೀದಿ? ಆವತ್ತು ಅವಗ ಮೈಯಾಗ ಆರಾಮ ಇದ್ದಿಲ್ಲ. ರಾತ್ರಿ ರೊಟ್ಟಿ ಸುದ್ದಾ ಅರ್ಧಾ ಬಿಟ್ಟಿದ್ದ. ಮಲ್ಕೊಂಡವನ್ನ ಎಬ್ಬಿಸಿ ಕಳಿಸಿದಾಕಿ ನೀನು. ನೀ ಎಬ್ಬಿಸದಿದ್ರ ನನ್ನ ಮಗ ಇವತ್ತು...” ಮಾತು ಅಲ್ಲಿಗೆ ಕಟ್ಟಿಹೋಯಿತು. ಎಷ್ಟು ಸಲ ಆಡಿದ್ದರೂ ಆ ಮಾತಿನ ಕೊನೆಯನ್ನು ಚಂದ್ರಮತಿ ಒಮ್ಮೆಯೂ ಮುಟ್ಟಿರಲಿಲ್ಲ.

ಸುಗಂಧಾಳ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ಅದನ್ನು ಆಡಿದ್ದರೆ ಈ ಮನೆಯಲ್ಲಿ ಅವಳ ಜಾಗ ಉಳಿಯುತ್ತಿತ್ತು, ಅಪವಾದ ಅಳಿಯುತ್ತಿತ್ತು, ಅಣ್ಣ ಬರಿಗೈಲಿ ತಿರುಗಿ ಹೋಗುತ್ತಿದ್ದ. ಆದರೆ ಅವಳು ಆಡಲಿಲ್ಲ. ಮಾವ ಕಾಕಾಸಾಹೇಬರು ಹೊರಗಿನಿಂದ ಬಂದು, ಏನನ್ನೂ ನೋಡದವರ ಹಾಗೆ, ಒಲೆಯ ಬಾಯಿಗೆ ಅಡ್ಡವಾಗಿ ನಿಂತು ಕೈಕಾಲು ತೊಳೆಯತೊಡಗಿದರು. ಮಾತಿನಲ್ಲಿ ಹೆಂಡತಿಯನ್ನು ಗೆಲ್ಲಲಾಗದ ಮನುಷ್ಯ ಮೂವತ್ತು ವರ್ಷ ಸಂಸಾರದಲ್ಲಿ ಕಲಿತ ವಿದ್ಯೆ ಅದೊಂದೇ. ಅವರು ಕಾಲು ತೊಳೆದು ಮುಗಿಸುವಷ್ಟರಲ್ಲಿ ರವದಿ ಉರಿದು ಬೂದಿಯಾಗಿತ್ತು. ಬೂಟು ಉಳಿದವು.

ಅತ್ತೆಯೆಂದರೆ ಇಷ್ಟು ಕಲ್ಲು ಮನಸ್ಸಿನವಳೇ ಎಂದು ನೀವು ಕೇಳಬಹುದು. ತಡೆಯಿರಿ. ಐನಾಪುರದ ಬಸದಿ ಓಣಿಯಲ್ಲಿ ಚಂದ್ರಮತಿಯ ಬಾಯಿ ಎಂದರೆ ಬೊಂಬಾಯಿ. ಹಾಲು ಹಾಕುವವನಿಂದ ಹಿಡಿದು ಬಸದಿಯ ಪೂಜಾರಿಯವರೆಗೆ ಅವಳಿಂದ ಬೈಸಿಕೊಳ್ಳದವರು ಆ ಓಣಿಯಲ್ಲಿ ಇರಲಿಲ್ಲ. ಬೈಸಿಕೊಂಡು ಅವಳ ಮನೆಯಲ್ಲಿ ಒಂದು ತುತ್ತು ತಿನ್ನದೆ ಹೋದವರೂ ಇರಲಿಲ್ಲ. ಮಗ ಓಡುವುದು ಅವಳಿಗೆ ಮೊದಲಿನಿಂದಲೂ ಸೇರದು. ಹತ್ತು ಎಕರೆ ನೀರಾವರಿಯ ಒಕ್ಕಲು ಮನೆತನದ ಹುಡುಗ, ಬೆಳಗು ಹರಿಯುವ ಮೊದಲೇ ಅರ್ಧ ಚಡ್ಡಿ ಹಾಕಿಕೊಂಡು ರಸ್ತೆಯ ಮೇಲೆ ಓಡುತ್ತಾನೆಂದರೆ ಬೀಗರೆದುರು ಹೇಳಿಕೊಳ್ಳುವುದು ಹೇಗೆ? ಒಂದು ವೇಳೆ ಯಾರಾದರೂ ಬೆನ್ನಟ್ಟಿದ್ದರೆ ಅದಕ್ಕೊಂದು ಅರ್ಥವಿತ್ತು ಎಂದು ಅವಳ ವಾದ. ಆದರೂ ಅಥಣಿಯ ಓಟದ ಪಂದ್ಯದಲ್ಲಿ ಮಗ ಗೆದ್ದು ತಂದ ತಾಮ್ರದ ಕೊಡವನ್ನು ಅವಳು ಹುಣಸೆಹಣ್ಣು ಹಚ್ಚಿ ಬೆಳಗಿ, ಬಂದವರ ಕಣ್ಣಿಗೆ ಬೀಳುವ ಹಾಗೆ ತಲಬಾಗಿಲ ಪಕ್ಕದಲ್ಲೇ ಇಟ್ಟಿದ್ದಳು.

ಉತ್ತಮನ ಜೊತೆ ಓಡುವವರ ಒಂದು ದೊಡ್ಡ ಗುಂಪೇ ಇತ್ತು. ಊರವರು ಅವರನ್ನು ಓಡೂ ಮಂದಿ ಎಂದೇ ಕರೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ಓಡುವವನು ಕುರಿ ಕಾಯುವ ಹಾಲಸಿದ್ದ. ಎಲ್ಲರಿಗಿಂತ ಹಿಂದೆ ಹೊಟ್ಟೆ ಹೊತ್ತುಕೊಂಡು ತೇಕುತ್ತ ಬರುವವನು ಕಿರಾಣಿ ಅಂಗಡಿಯ ತವನಪ್ಪ. ನಡುವೆ ಪಟ್ಟಣದಲ್ಲಿ ನಡೆಯುವ ಮಿಲಿಟರಿ ಭರ್ತಿಗೆ ತಯಾರಾಗುವ ಹುಡುಗರು, ಪೈಲ್ವಾನಕಿ ಬಿಟ್ಟವರು, ಸುಮ್ಮನೆ ಜೊತೆ ಬೇಕೆಂದು ಬಂದವರು. ಜಾತಿ ಬೇರೆ, ವಯಸ್ಸು ಬೇರೆ, ಓಟ ಒಂದೇ. ತವನಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಅವನನ್ನು ಕೈಹಿಡಿದು ಈ ಗುಂಪಿಗೆ ತಂದವನು ಉತ್ತಮ. ಹಾಲಸಿದ್ದನ ಕುರಿಗಳನ್ನು ಯಾರೋ ಹೊಡೆದುಕೊಂಡು ಹೋದಾಗ ರಾತ್ರೋರಾತ್ರಿ ಹಾರೂಗೇರಿಯ ಸಂತೆಯವರೆಗೆ ಹುಡುಕಿಕೊಂಡು ಹೋದವನೂ ಅವನೇ.

ಇವರೆಲ್ಲ ದಿನವೂ ಏಳುತ್ತಿದ್ದ ರೀತಿಯೇ ಒಂದು ಚೆಂದ. ಜೈನರ ಮನೆಯಲ್ಲಿ ನೀರು ಸೋಸದೆ ಕುಡಿಯುವುದಿಲ್ಲ. ಸೋಸಿದ ನೀರೂ ಹೊತ್ತಾದರೆ ಕೆಲಸಕ್ಕೆ ಬಾರದು, ಮತ್ತೆ ಸೋಸಬೇಕು. ಸೋಸಿದ ಬಟ್ಟೆಯನ್ನು ತಿರುವಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಆ ನೀರನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಬಾಯಲ್ಲಿ ಬೆಂಕಿ ಉಗುಳುವ ಚಂದ್ರಮತಿ ಈ ಕೆಲಸವನ್ನು ಮಾತ್ರ ತೊಟ್ಟಿಲು ತೂಗಿದಷ್ಟು ನಯವಾಗಿ ಮಾಡುತ್ತಿದ್ದಳು. ನಸುಕಿನಲ್ಲಿ ಎದ್ದು ಹಿತ್ತಲ ಬಾವಿಯಿಂದ ಅವಳು ನೀರು ಸೇದತೊಡಗಿದರೆ, ತುಕ್ಕು ಹಿಡಿದ ಕಬ್ಬಿಣದ ರಾಟೆ, ಆ ಗಡಗಡಿ, ಅರ್ಧ ಊರಿಗೆ ಕೇಳುವ ಹಾಗೆ ಕಿರ್ರೋ ಎಂದು ಒದರುತ್ತಿತ್ತು. ಆ ಸಪ್ಪಳಕ್ಕೆ ಉತ್ತಮ ಏಳುತ್ತಿದ್ದ. ಎದ್ದು ಬೂಟು ಕಟ್ಟಿ, ಓಣಿಯಿಂದ ಓಣಿಗೆ ಹೋಗಿ ಬಾಗಿಲು ಬಡಿದು ಉಳಿದವರನ್ನು ಎಬ್ಬಿಸುತ್ತಿದ್ದ. ಓಟ ಮುಗಿಸಿ ಬಂದವರು ಇವರ ಮನೆಯ ಕಟ್ಟೆಯ ಮೇಲೆ ಕುಳಿತರೆ, ಚಂದ್ರಮತಿ ಹೊಸದಾಗಿ ನೀರು ಸೋಸಿ ಆ ತಾಮ್ರದ ಕೊಡದಲ್ಲಿ ತುಂಬಿ ತಂದಿಡುತ್ತಿದ್ದಳು. “ನಿಮ್ಮ ಕಾಲ ಮುರೀಲಿ, ನನ್ನ ಮಗನ್ನ ಕೆಡಸಾಕ ಹುಟ್ಟೀರಿ” ಎಂಬುದು ನೀರಿನ ಜೊತೆಗಿನ ಬೆಲ್ಲ. ಅವರು ನಕ್ಕು ನೀರು ಕುಡಿದು ಹೋಗುತ್ತಿದ್ದರು, ಮರುದಿನ ಮತ್ತೆ ಬರುತ್ತಿದ್ದರು.

ಉತ್ತಮನನ್ನು ಎಬ್ಬಿಸುವುದು ಆ ಗಡಗಡಿ ಎಂಬುದು ಸುಗಂಧಾಳಿಗೆ ಗೊತ್ತಿತ್ತು, ಅವನ ಗೆಳೆಯರಿಗೆ ಗೊತ್ತಿತ್ತು. ಗೊತ್ತಿರದೆ ಇದ್ದವಳು ಅದನ್ನು ಎಳೆಯುವ ಚಂದ್ರಮತಿ ಒಬ್ಬಳೇ. ಸೊಸೆ ಗಂಡನಿಗೆ ಓಟದ ಚಡ್ಡಿ ಹೊಲಿದು ಕೊಡುವುದನ್ನು ಕಣ್ಣಾರೆ ಕಂಡಿದ್ದ ಅವಳು, ಎಬ್ಬಿಸಿ ಕಳಿಸುವವಳೂ ಇವಳೇ ಎಂದು ಗಟ್ಟಿಯಾಗಿ ನಂಬಿದ್ದಳು.

ಆ ಕೊನೆಯ ಮುಂಜಾನೆ ಗಂಡನ ಹಣೆ ಮುಟ್ಟಿ ನೋಡಿ, ಇವತ್ತೊಂದು ದಿನ ಮಲಗಿರಿ ಎಂದು ಸುಗಂಧಾಳೇ ಹೊದಿಕೆ ಎಳೆದಿದ್ದಳು. ಅವನೂ ಹೂಂ ಎಂದು ಮಗ್ಗುಲಾಗಿದ್ದ. ಅಷ್ಟರಲ್ಲಿ ಹಿತ್ತಲಲ್ಲಿ ಗಡಗಡಿ ಒದರಿತು. ಉತ್ತಮ ನಕ್ಕು ಎದ್ದು ಕುಳಿತ. “ಅವ್ವ ಎದ್ದಾಳ. ನಾ ಮಲಗಲೇನ?” ಎಂದ. ಅವನ ಬಾಯಿಂದ ಅವಳು ಕೇಳಿದ ಕೊನೆಯ ಮಾತು ಅದು.

ಊರ ಹೊರಗಿನ ಮೈಲಿಗಲ್ಲಿನ ಹತ್ತಿರ ಬಂದಾಗ ಉತ್ತಮ ನಿಂತು, ಸ್ವಲ್ಪ ಕುಳಿತು ಬರುತ್ತೇನೆ, ನೀವು ನಡೆಯಿರಿ ಎಂದನಂತೆ. ಓಟದ ನಡುವೆ ಅವನು ಹಾಗೆ ಕುಳಿತದ್ದನ್ನು ಅದುವರೆಗೆ ಯಾರೂ ಕಂಡವರಲ್ಲ. ಆದರೂ ಅವನು ನಗುತ್ತಲೇ ಹೇಳಿದ್ದರಿಂದ ಹಾಲಸಿದ್ದ ಮುಂದೆ ಓಡಿದ, ಉಳಿದವರೂ ಓಡಿದರು. ತಿರುಗಿ ಬಂದು ನೋಡಿದರೆ ಮೈಲಿಗಲ್ಲಿಗೆ ಒರಗಿ, ಕಾಲು ನೀಡಿ, ನಿದ್ದೆ ಬಂದವನ ಹಾಗೆ ಕುಳಿತಿದ್ದಾನೆ... ಮೈ ಇನ್ನೂ ಬಿಸಿಯಿತ್ತು. ಹೆಗಲ ಮೇಲೆ ಹೊತ್ತುಕೊಂಡು ಡಾಕ್ಟರ ಮನೆಯವರೆಗೆ ಓಡಿದರು. ತವನಪ್ಪನಂಥವನೂ ಒಂದು ಹೆಗಲು ಕೊಟ್ಟು ಓಡಿದ. ಅಷ್ಟು ಜೋರಾಗಿ ಆ ಗುಂಪು ಯಾವತ್ತೂ ಓಡಿರಲಿಲ್ಲ. ಡಾಕ್ಟರು ನೋಡಿ, ಎದೆ ಆ ಕ್ಷಣದಲ್ಲೇ ನಿಂತಿದೆ, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಆ ಮಾತು ಹಾಲಸಿದ್ದನ ಕಿವಿಗೆ ಹೋಯಿತು, ಮನಸ್ಸಿಗೆ ಹೋಗಲಿಲ್ಲ. ಕುಳಿತವನನ್ನು ಬಿಟ್ಟು ಮುಂದೆ ಹೋದೆನಲ್ಲ ಎಂದು ಅವನು ತನ್ನ ಕಂಬಳಿಯನ್ನು ಆ ಮೈಲಿಗಲ್ಲಿಗೆ ಹೊದಿಸಿ, ಉಳಿದ ಚಳಿಗಾಲವನ್ನು ಕಂಬಳಿಯಿಲ್ಲದೆ ಕಳೆದ.

ಹೆಣದ ಮುಂದೆ ಚಂದ್ರಮತಿ ಅತ್ತಳು, ಅಳುತ್ತ ಅಳುತ್ತ ಅಂಗಳದಲ್ಲಿ ನಿಂತಿದ್ದ ಓಡುವವರ ಕಡೆ ತಿರುಗಿದಳು. “ನನ್ನ ಮಗನ್ನ ಕೊಂದ ಬಂದೀರಿ. ಇನ್ನ ನನ್ನ ಹೊಸ್ತಿಲಕ್ಕ ಬರಬ್ಯಾಡ್ರಿ. ನಿಮ್ಮ ಕಾಲಸಪ್ಪಳ ನನ್ನ ಕಿವಿಗೆ ಬೀಳಬಾರದು.” ಹಾಲಸಿದ್ದ ಓಣಿಯ ತುದಿಯವರೆಗೆ ಹಿಂದೆ ಹಿಂದಕ್ಕೆ ನಡೆದು ಹೋದ.

ಸೂತಕ ಕಳೆಯುವವರೆಗೆ ಅವರು ಓಡಲಿಲ್ಲ. ಆಮೇಲೆ ಒಂದು ಮುಂಜಾನೆ ಓಡಬೇಕೋ ಬಿಡಬೇಕೋ ಎಂದು ಓಣಿಯ ತುದಿಯಲ್ಲಿ ಗುಂಪುಗೂಡಿ ನಿಂತರು. ಚಂದ್ರಮತಿ ಬೈದದ್ದೇನೋ ನಿಜ, ಆದರೆ ಅವಳು ಯಾವಾಗ ಬೈದಿಲ್ಲ? ಗಡಗಡಿ ಒದರಿದರೆ ಹೋಗೋಣ, ನಮಗೂ ನೀರು ಸೋಸುತ್ತಾಳೆಂದೇ ಅರ್ಥ ಎಂದು ತವನಪ್ಪ ಹೇಳಿದ. ಕಾದರು. ಪೂರ್ವ ಕೆಂಪಾಯಿತು, ಹಕ್ಕಿ ಎದ್ದವು, ಗಡಗಡಿ ಮಾತ್ರ ಒದರಲಿಲ್ಲ. ನಮ್ಮ ಮುಖ ನೋಡಬಾರದೆಂದು ಚಂದ್ರಮತಿ ಆಯಿ ಆ ಬಾವಿಯನ್ನೇ ಬಿಟ್ಟಿದ್ದಾಳೆ ಎಂದುಕೊಂಡರು. ಅಂದಿನಿಂದ ಅವರು ಆ ಓಣಿಗೆ ಕಾಲಿಡಲಿಲ್ಲ. ಊರ ಹಿಂದಿನ ಕಾಲುವೆ ದಂಡೆ ಹಿಡಿದು, ಮಾತಿಲ್ಲದೆ, ಸಪ್ಪಳವಾಗದ ಹಾಗೆ ಓಡಿ ರಸ್ತೆ ಸೇರುತ್ತಿದ್ದರು. ಮೈಲಿಗಲ್ಲು ಬಂದಾಗ ಎಲ್ಲರೂ ನಿಂತು, ಎಲ್ಲಕ್ಕೂ ಹಿಂದಿನ ತವನಪ್ಪ ಬಂದು ಕಲ್ಲು ಮುಟ್ಟಿದ ಮೇಲೆಯೇ ಒಟ್ಟಿಗೆ ಮುಂದೆ ಹೋಗುತ್ತಿದ್ದರು. ಕುಳಿತವನನ್ನು ಬಿಟ್ಟು ಹೋಗಬಾರದು ಎಂಬುದು ಅವರೊಳಗೆ ಹೊಸದಾಗಿ ಹುಟ್ಟಿದ ಕಟ್ಟಳೆ.

ಅಸಲಿಗೆ ಗಡಗಡಿಯ ಬಾಯಿ ಕಟ್ಟಿದವಳು ಸುಗಂಧಾ. ಉತ್ತಮ ಹೋದ ಮರುದಿನದ ನಸುಕಿನಲ್ಲಿ ಅದು ಕಿರ್ರೆಂದಾಗ ಅವಳ ಕೈ ತಾನಾಗಿ ಪಕ್ಕದ ಹಾಸಿಗೆಗೆ ಹೋಗಿತ್ತು, ಅವನು ಎದ್ದನೋ ಎಂದು. ಹಾಸಿಗೆ ತಣ್ಣಗಿತ್ತು. ಇನ್ನೊಮ್ಮೆ ಆ ಸಪ್ಪಳ ಕೇಳಿದರೆ ಜೀವ ಹೋದೀತು ಎನ್ನಿಸಿ, ಅತ್ತೆ ಹಿತ್ತಲಲ್ಲಿ ಇಲ್ಲದ ಹೊತ್ತಿನಲ್ಲಿ ಕುಸುಬಿ ಎಣ್ಣೆ ತಂದು ಗಡಗಡಿಯ ಅಚ್ಚಿಗೆ ಸುರಿದಳು. ಚಂದ್ರಮತಿ ಮರುದಿನ ಹಗ್ಗ ಎಳೆದು ನೋಡಿ, ಗಂಡನ ಕೆಲಸವೆಂದು ತಿಳಿದು, ಇಷ್ಟು ವರ್ಷ ಇಲ್ಲದ ಕಾಳಜಿ ಈಗ ಬಂತೇನು ಎಂದು ಗೊಣಗಿ ಸುಮ್ಮನಾದಳು. ಮಗನನ್ನು ಎಬ್ಬಿಸಿದವಳೆಂದು ಸೊಸೆಯನ್ನು ದೂರಲು ಶುರುಮಾಡಿದ್ದೂ ಅದೇ ವಾರ. ಸುಗಂಧಾ ಕೇಳಿಸಿಕೊಂಡಳು. ನಾನಲ್ಲ ಅತ್ತಿ, ನಿಮ್ಮ ಗಡಗಡಿ ಎಂದು ಹೇಳಬಹುದಿತ್ತು. ಹೇಳಿದರೆ ಈ ಮುದುಕಿಯ ಗತಿ ಏನು? ಹೆತ್ತ ಕರುಳು, ತನ್ನ ಕೈಯಾರೆ ಎಬ್ಬಿಸಿ ಕಳಿಸಿದೆನೆಂದು ತಿಳಿದರೆ ಮತ್ತೆ ಬದುಕೀತೆ? ನನಗಾದರೆ ತವರಿದೆ, ಅಣ್ಣನಿದ್ದಾನೆ. ಇವರಿಗೆ ಏನಿದೆ? ಇರಲಿ, ಈ ಭಾರ ನನ್ನ ತಲೆಯ ಮೇಲೇ ಇರಲಿ ಎಂದು ಆ ಹುಡುಗಿ ನಿಶ್ಚಯಿಸಿದಳು. ಆದರೆ ಅವಳಿಗೆ ಈ ಮನೆ ಬಿಡುವುದು ಜೀವ ಬಿಟ್ಟಷ್ಟೇ ಕಷ್ಟವಿತ್ತು. ಉತ್ತಮ ಓಡಿ ಬಂದು ಕುಳಿತ ಕಟ್ಟೆ, ಬೂಟು ಬಿಚ್ಚಿ ತೂಗುಹಾಕಿದ ಗೂಟ, ಎಲ್ಲ ಇಲ್ಲಿಯೇ ಇದ್ದವು. ಏಕಸಂಬಿಯಲ್ಲಿ ಅವನು ಅಳಿಯ ಮಾತ್ರ.

ಹೀಗೆ ಬೂಟುಗಳ ಜಗಳ ಮುಗಿದ ಮಾರನೆಯ ಮುಂಜಾನೆ ಅವಳು ಹೊರಡುವವಳು. ಮುಂಜಾನೆ ಮೊದಲು ನಿನ್ನ ಮುಖ ತೋರಿಸಬೇಡ ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರಿಂದ ಸುಗಂಧಾ ಇಷ್ಟು ದಿನ ಹೊತ್ತೇರುವವರೆಗೆ ಒಳಗಿನ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಅಂದು ಮಾತ್ರ, ಕೊನೆಯ ಸಲ ಗಂಡ ಕೂರುತ್ತಿದ್ದ ಕಟ್ಟೆಗೆ ಕೈಮುಗಿದು ಹೋಗೋಣವೆಂದು, ಬೆಳಕು ಮೂಡುವಾಗಲೇ ತಲಬಾಗಿಲಿಗೆ ಬಂದಳು. ಬಂದವಳು ಅಲ್ಲಿಯೇ ನಿಂತುಬಿಟ್ಟಳು.

ಕಟ್ಟೆಯ ಮೇಲೆ ಚಂದ್ರಮತಿ ಕುಳಿತಿದ್ದಳು. ಪಕ್ಕದಲ್ಲಿ ಬೆಳಗಿದ ತಾಮ್ರದ ಕೊಡ, ಬಾಯಿಗೆ ಬಿಳಿ ಬಟ್ಟೆ. ಸುತ್ತ ಸಾಲಾಗಿ ತೊಳೆದು ಬೋರಲು ಹಾಕಿದ ಲೋಟಗಳು. ಅವಳ ಕಣ್ಣು ಓಣಿಯ ತುದಿಯಲ್ಲಿತ್ತು.

“ಅತ್ತಿ... ಇದು ಯಾರಿಗಿ?”

ಚಂದ್ರಮತಿ ಬೆಚ್ಚಿದಳು, ಕಳ್ಳತನ ಮಾಡಿ ಸಿಕ್ಕವರಂತೆ ಲೋಟಗಳನ್ನು ಸೆರಗಿನಿಂದ ಮುಚ್ಚಲು ಹೋದಳು. ಮುಚ್ಚಲಾಗಲಿಲ್ಲ. ಅವಳ ದೊಡ್ಡ ಬಾಯಿ ಆ ದಿನ ಮೊದಲ ಸಲ ಮೆತ್ತಗಾಯಿತು.

“ದಿನಾ ಇಡತೇನಿ. ದಿನಾ ಹೊತ್ತ ಆಗತೈತಿ. ನೀರ ಮಲ್ಲಿಗಿ ಬಳ್ಳಿಗೆ ಸುರೂತೇನಿ. ಯಾರೂ ಬರೂದಿಲ್ಲ...” ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. “ಇಷ್ಟ ವರ್ಷ ಬೈದ್ನಿ, ನಕ್ಕೋತ ಬಂದ್ರು. ಒಂದ ದಿನ ಹೊಟ್ಟಿ ಉರದ ಬೈದದ್ದು ಅವ್ರಿಗೆ ಖರೇ ಅನಸ್ತೇನ? ಮಗಾ ಹೋದ. ಅವನ ಕಾಲಸಪ್ಪಳ ಆದ್ರೂ ಅವ್ರ ಕಾಲಾಗ ಕೇಳೂನು ಅಂತಿದ್ನಿ. ಅದೂ ಹೋತು. ಎರಡು ತಿಂಗಳದಾಗ ಮರತರ ನೋಡು ನನ್ನ ಮಗನ್ನ.”

ಸುಗಂಧಾಳಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಅವರು ಮರೆತಿಲ್ಲ. ಕಾಲುವೆ ದಂಡೆಯ ಮೇಲೆ ಅವರು ಹೋಗುವುದನ್ನು ಅವಳು ಕೋಣೆಯ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದಳು. ಅತ್ತೆಯ ಬೈಗುಳಕ್ಕೆ ಅಂಜಿ ಹಾದಿ ಬದಲಿಸಿದ್ದಾರೆಂದು ತಿಳಿದಿದ್ದಳು. ಆದರೆ ಬೈಗುಳಕ್ಕೆ ಅಂಜುವ ಮಂದಿಯೇ ಅವರು? ಅವರಿಗೆ ಕರೆ ಹೋಗಿಲ್ಲ. ಕರೆ ಹೋಗದ ಹಾಗೆ ಎಣ್ಣೆ ಸುರಿದವಳು ತಾನೇ! ಈ ಮುದುಕಿ ಇಲ್ಲಿ ಲೋಟ ಜೋಡಿಸಿ ಕಾಯುವುದು, ಅವರು ಅಲ್ಲಿ ಹೆಜ್ಜೆ ಸಪ್ಪಳ ಅಡಗಿಸಿ ಓಡುವುದು, ನಡುವೆ ತಾನು ಒಂದು ಬಟ್ಟಲು ಎಣ್ಣೆಯಿಂದ ಗೋಡೆ ಕಟ್ಟಿ ಕೂತದ್ದು...

ಅವಳು ತಿರುಗಿ ಓಡಿದಳು. ಬಚ್ಚಲೊಲೆಯಿಂದ ಹಿಡಿ ಬೂದಿ ಬಾಚಿಕೊಂಡು ಬಾವಿಕಟ್ಟೆ ಹತ್ತಿದಳು. ಸೆರಗಿನಿಂದ ಅಚ್ಚಿನ ಜಿಡ್ಡನ್ನೆಲ್ಲ ಒರೆಸಿ, ಬೂದಿ ತುಂಬಿ ಉಜ್ಜಿ, ಕೊಡ ಇಳಿಬಿಟ್ಟು ಎರಡೂ ಕೈಯಿಂದ ಹಗ್ಗ ಎಳೆದಳು. ಮೊದಲು ಏನೂ ಆಗಲಿಲ್ಲ. ಎರಡನೆಯ ಕೊಡಕ್ಕೆ ಸಣ್ಣಗೆ ನರಳಿತು. ಮೂರನೆಯದಕ್ಕೆ ಗಡಗಡಿ ತನ್ನ ಹಳೆಯ ಗಂಟಲು ತೆರೆದು ಕಿರ್ರೋ ಎಂದು ಒದರಿತು. ಪಡಸಾಲೆಯಲ್ಲಿ ಭೀಮಗೊಂಡ ಎದ್ದು ಕುಳಿತ. ದನದ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದ ಕಾಕಾಸಾಹೇಬರ ಕೈ ನಿಂತಿತು. ಮನೆಯ ಹಿಂದಿನ ಕಬ್ಬು ಕಡಿದು ಹೊಲವೆಲ್ಲ ಬಯಲಾಗಿತ್ತು, ಸಪ್ಪಳ ನೆಟ್ಟಗೆ ಕಾಲುವೆ ದಂಡೆಗೆ ಹೋಯಿತು.

ದಂಡೆಯ ಮೇಲೆ ಮುಂದಿದ್ದ ಹಾಲಸಿದ್ದ ಗಕ್ಕನೆ ನಿಂತದ್ದನ್ನು ಸುಗಂಧಾ ದೂರದಿಂದ ಕಂಡಳು. ಅವನ ಹಿಂದಿನವರೂ ನಿಂತರು. ಅವಳು ಅಂಗೈ ಉರಿಯುತ್ತಿದ್ದರೂ ಬಿಡದೆ ಎಳೆದಳು. ಮರುಗಳಿಗೆ ಆ ಗುಂಪು ದಂಡೆ ಇಳಿದು, ಕೂಳೆ ಕಬ್ಬಿನ ಹೊಲಕ್ಕೆ ಬಿದ್ದು, ಮನೆಯ ಕಡೆಗೆ ಓಡತೊಡಗಿತು.

ಅವರು ಓಣಿ ಸುತ್ತಿ ಬಂದು ಕಟ್ಟೆಯ ಮುಂದೆ ನಿಂತಾಗ ಚಂದ್ರಮತಿ ಎದ್ದು ನಿಂತಿದ್ದಳು. ತಾಮ್ರದ ಕೊಡ, ಜೋಡಿಸಿದ ಲೋಟ ನೋಡಿದ ತವನಪ್ಪ, ದೊಡ್ಡವನು, ಊರಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವವನು, ಸಣ್ಣವರ ಹಾಗೆ ಅತ್ತುಬಿಟ್ಟ. ಹಾಲಸಿದ್ದ ಚಂದ್ರಮತಿಯ ಕಾಲ ಹತ್ತಿರ ಕುಳಿತ.

“ಆಯಿ, ನೀವು ಬಾವೀನ ಬಿಟ್ಟೀರಿ ಅಂತ ತಿಳಕೊಂಡಿದ್ವಿರಿ. ಗಡಗಡಿ ಕೇಳಲಿಲ್ಲ, ಅದಕ್ಕ ಬರಲಿಲ್ಲ. ಉತ್ತಮ ಹೇಳತಿದ್ದ, ನಮ್ಮ ಅವ್ವನ ಗಡಗಡಿ ಒದರದಿದ್ರ ನನಗ ಸೂರ್ಯಾ ಹುಟ್ಟಿದ್ದ ಗೊತ್ತಾಗೂದಿಲ್ಲ, ದಿನಾ ಅದ ನನ್ನ ಎಬ್ಬಸೂದು ಅಂತ...”

ಹಿತ್ತಲಿನಿಂದ ಬಂದ ಸುಗಂಧಾ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಲೇ ಇದ್ದಳು. ತಲೆತಗ್ಗಿಸಿ ಕುಳಿತಿದ್ದ ಹಾಲಸಿದ್ದ ಅದನ್ನು ನೋಡಲಿಲ್ಲ. ಆದರೆ ಚಂದ್ರಮತಿ ನೋಡಿದಳು. ಸೊಸೆಯ ಬೂದಿಯ ಕೈ ನೋಡಿದಳು, ಎಣ್ಣೆಯಾದ ಸೆರಗು ನೋಡಿದಳು.

“ಅಂದ್ರ... ಅವತ್ತೂ?”

ಸುಗಂಧಾ ತಲೆ ತಗ್ಗಿಸಿದಳು.

“ನಿನಗ ಗೊತ್ತಿತ್ತು.”

“ಹೌದ್ರಿ.”

“ನಾ ಇಷ್ಟ ಮಾತ ಆಡಿದ್ನಿ. ಮನಿ ಬಿಟ್ಟ ಹೋಗಂದ್ನಿ. ಅಂವ ಎದ್ದದ್ದು ನನ್ನ ಗಡಗಡಿಗೆ ಅಂತ ನೀ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಮತ್ತ ಆ ಬಾವೀ ನೀರ ಸೇದತಿದ್ದಿಲ್ಲರಿ, ಅತ್ತಿ.”

ಚಂದ್ರಮತಿ ಕುಸಿದು ಕಟ್ಟೆಯ ಮೇಲೆ ಕುಳಿತಳು. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಹಗ್ಗ ಎಳೆದು ಎಳೆದು ಗಟ್ಟಿಯಾದ ಗೆರೆಗಳು ಅಲ್ಲಿದ್ದವು. ಈ ಕೈಯೇ... ಈ ಕೈಯೇ ಎಂದು ಅವಳ ತುಟಿ ಅಲುಗಿತು. ಸುಗಂಧಾ ಹೆದರಿ ಓಡಿಬಂದು ಆ ಕೈಗಳನ್ನು ಹಿಡಿದುಕೊಂಡಳು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಕೈಯನ್ನು ಅವಳು ಹಾಗೆ ಹಿಡಿದವಳಲ್ಲ.

“ಆ ಒಂದ ಮುಂಜಾನಿ ಹಿಡಕೊಂಡ ಅಳಬ್ಯಾಡ್ರಿ ಅತ್ತಿ. ಅವತ್ತ ಮಲಗ್ರಿ ಅಂತ ನಾನೂ ಹೇಳಿದ್ನಿ, ಕೇಳಲಿಲ್ಲ. ಅವ್ವ ಎದ್ದಾಳ, ನಾ ಮಲಗಲೇನ ಅಂದ್ರು. ನಕ್ಕೋತ ಅಂದ್ರು. ಅವ್ರು ಹುಟ್ಟಿದಾಗಿಂದ ಎಷ್ಟು ಮುಂಜಾನಿ ನಿಮ್ಮ ಸಪ್ಪಳಕ್ಕ ಎದ್ದಾರು, ನೆನಪ ಮಾಡ್ಕೋರಿ. ಅವೆಲ್ಲಾ ನಿಮ್ಮೂವ ಅಲ್ಲೇನ್ರಿ?”

ಚಂದ್ರಮತಿ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಅವಳನ್ನು ಬರಸೆಳೆದು, ಆ ಬೂದಿ, ಎಣ್ಣೆ, ಕಣ್ಣೀರು ಎಲ್ಲದರ ಸಮೇತ ಎದೆಗೆ ಒತ್ತಿಕೊಂಡು, ಮಗ ಹೋದಂದಿನಿಂದ ಅಳದೆ ಉಳಿಸಿಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಅಂಗಳದಲ್ಲಿ ಓಡುವವರೂ ಅತ್ತರು. ಅವನು ಹೋದ ಮೇಲೆ ಅವರೆಲ್ಲ ಒಬ್ಬೊಬ್ಬರಾಗಿ, ಕಾಲುವೆ ದಂಡೆಯ ಮೇಲೆ, ಹೊಲದ ಬದುವಿನ ಮೇಲೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಅತ್ತಿದ್ದರು. ಒಟ್ಟಿಗೆ ಕುಳಿತು ಅತ್ತದ್ದು ಅಂದೇ ಮೊದಲು. ಕಾಕಾಸಾಹೇಬರು ಹಾಲಿನ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದವರು, ಎಲ್ಲರೂ ಅತ್ತು ಮುಗಿಸುವವರೆಗೆ ಕಾದು, ಚಹಾ ಇಡಲು ತಾವೇ ಒಳಗೆ ಹೋದರು.

ಮೊದಲು ಸಾವರಿಸಿಕೊಂಡವಳು ಚಂದ್ರಮತಿಯೇ. ಸೋಸಿದ ನೀರು ಹೊತ್ತಾಯಿತೆಂದು ಬಳ್ಳಿಗೆ ಸುರಿದು, ಹೊಸ ನೀರು ಸೋಸಿ ತಂದು, ಲೋಟ ಲೋಟ ತುಂಬಿ ಎಲ್ಲರ ಕೈಗೂ ತಾನೇ ಕೊಟ್ಟಳು. ಹಾಲಸಿದ್ದನ ಸರದಿ ಬಂದಾಗ ಅವನ ಒಡೆದ ಹಿಮ್ಮಡಿಗಳನ್ನು ನೋಡಿ, ಸುಗಂಧಾಳ ಕಡೆ ತಿರುಗಿ ಏನೋ ಕೇಳುವಂತೆ ನಿಂತಳು. ಸುಗಂಧಾ ಒಳಗೆ ಹೋಗಿ ಗಂಟಿನಿಂದ ಬೂಟು ಬಿಚ್ಚಿ ತಂದಳು. ಹಾಲಸಿದ್ದ ಅವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಣೆಗೆ ಒತ್ತಿಕೊಂಡ, ಆದರೆ ಕಾಲಿಗೆ ಹಾಕಲು ಒಪ್ಪಲಿಲ್ಲ. ಅದಕ್ಕೂ ಅವನಿಗೆ ಬೈಗುಳ ಬಿತ್ತು. ಕೊನೆಗೆ ಹಾಕಿಕೊಂಡ. ಬೂಟು ಒಂದು ಬೆರಳಿನಷ್ಟು ದೊಡ್ಡವಾಗುತ್ತಿದ್ದವು. ಮುಂದೆ ಹತ್ತಿ ತುಂಬಿ ಓಡುವುದನ್ನು ರೂಢಿ ಮಾಡಿಕೊಂಡ.

ಭೀಮಗೊಂಡ ತಂಗಿಯ ಗಂಟು ಹಿಡಿದು, ನಿಲ್ಲಬೇಕೋ ಹೊರಡಬೇಕೋ ತಿಳಿಯದೆ ಹೊಸ್ತಿಲಲ್ಲೇ ಇದ್ದ. ಬಸ್ಸಿನ ಹೊತ್ತಾಗುತ್ತಿತ್ತು. ಚಂದ್ರಮತಿ ಅವನ ಕೈಯಿಂದ ಗಂಟನ್ನು ಕಸಿದುಕೊಂಡಳು.

“ತಮ್ಮಾ, ನೀ ಬಂದದ್ದ ಛಲೋ ಆತು. ಚಾ ಕುಡದು, ನಾಷ್ಟಾ ಮಾಡಿ ಹೋಗು. ಒಬ್ಬನ ಹೋಗು. ನನ್ನ ಮಗಳು ಇಲ್ಲೇ ಇರತಾಳ.”

ಸೊಸೆಯನ್ನು ಅವಳು ಮಗಳೆಂದದ್ದನ್ನು ಕೇಳಿ ಪಕ್ಕದ ಮನೆಯ ದುಂಡವ್ವ ಬೇಲಿಯ ಆಚೆಯಿಂದ, ಸೂರ್ಯ ಇವತ್ತು ಯಾವ ದಿಕ್ಕಿಗೆ ಹುಟ್ಟಿದ್ದಾನೆ ಎಂದು ಕೇಳಿದಳಂತೆ. ಅವಳಿಗೂ ಸಿಗಬೇಕಾದದ್ದು ಸಿಕ್ಕಿತು.

ಇದಾಗಿ ವರ್ಷಗಳು ಉರುಳಿದವು. ಊರಿಗೆ ನಳದ ನೀರು ಬಂತು, ಓಣಿಯ ಬಾವಿಗಳೆಲ್ಲ ಮುಚ್ಚಿದವು. ಚಂದ್ರಮತಿಯ ಬಾವಿ ಮಾತ್ರ ಮುಚ್ಚಲಿಲ್ಲ. ತೋಳಿನ ಕಸುವು ಕಡಿಮೆಯಾದ ಮೇಲೆ ಹಗ್ಗವನ್ನು ಅತ್ತೆ ಸೊಸೆ ಇಬ್ಬರೂ ಕೂಡಿ ಎಳೆಯುತ್ತಿದ್ದರು. ನೀರು ಸೋಸಿದ ಬಟ್ಟೆಯನ್ನು ಸುಗಂಧಾಳೇ ತಿರುವಿ ಬಾವಿಗೆ ಇಳಿಸುತ್ತಿದ್ದಳು. ಉತ್ತಮನ ಹಾಗೆ ಬಾಗಿಲು ಬಡಿದು ಎಬ್ಬಿಸುವವರು ಈಗ ಬೇಕಿರಲಿಲ್ಲ. ಗಡಗಡಿ ಒದರಿದರೆ ಊರ ಓಡುವವರೆಲ್ಲ ತಾವಾಗಿ ಏಳುತ್ತಿದ್ದರು. ಓಟ ಹೊರಡುವುದೂ ಅದೇ ಕಟ್ಟೆಯಿಂದ, ಬಂದು ನೀರು ಕುಡಿಯುವುದೂ ಅಲ್ಲಿಯೇ. ಒಮ್ಮೆ ನಸುಕಿನಲ್ಲಿ ಕಾಕಾಸಾಹೇಬರು, ಕಿವಿ ತೂತಾಗುತ್ತದೆ, ಒಂದು ತೊಟ್ಟು ಎಣ್ಣೆಯಾದರೂ ಬಿಡಲೇ ಎಂದು ಕೇಳಿದರು.

“ಎಣ್ಣಿ ಹಾಕಿದ್ರ ಕೈ ಮುರದೇನು,” ಎಂದಳು ಚಂದ್ರಮತಿ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹೆಜ್ಜೆಗಳ ಸಪ್ಪಳ ಕೇಳಿತು. ಅವಳು ಹಗ್ಗವನ್ನು ಸೊಸೆಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಅವಸರದಿಂದ ತಲಬಾಗಿಲಿಗೆ ಹೋದಳು.

“ನಿಮ್ಮ ಕಾಲ ಮುರೀಲಿ,” ಎಂದು ಕತ್ತಲೆಗೆ ಕೂಗಿದಳು. “ನಿಧಾನ ಓಡ್ರಿ. ಯಾರರೆ ಕುಂತ್ರ ಅವನ್ನ ಬಿಟ್ಟ ಬರಬ್ಯಾಡ್ರಿ.”

ಬಿಟ್ಟ ಬರೂದಿಲ್ಲ ಆಯಿ ಎಂಬ ಉತ್ತರ ಹೆಜ್ಜೆಗಳ ನಡುವಿನಿಂದ ಬಂತು. ಹಿತ್ತಲಲ್ಲಿ ಸುಗಂಧಾ ಹಗ್ಗ ಎಳೆದಳು.